ಸಮನೂದಿ ಕಾಯ ಸಂರಕ್ಷಣಾ ಪ್ರಕರಣ

ಕಫ್ರ್ ಸಬೀಲ್ ವಿಜ್ಞಾನ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ನಲವತ್ತು ಸೂಕ್ಷ್ಮದರ್ಶಕಗಳಿದ್ದು, ನಲವತ್ತೂ ಸುರಕ್ಷಿತವಾಗಿವೆ. ಇವುಗಳ ಪೈಕಿ ಒಂದರ ಗಾಜಿನಲ್ಲೂ ಗೀರಿಲ್ಲ, ಒಂದರ ತಿರುಪೂ ಸಡಿಲಾಗಿಲ್ಲ, ಒಂದಕ್ಕೂ ಯಾವ ವಿದ್ಯಾರ್ಥಿಯ ಕಣ್ಣಿನ ರೆಪ್ಪೆ ತಾಗಿಲ್ಲ. ಬೇರೆ ಕಾಲೇಜುಗಳಲ್ಲಿ ಸೂಕ್ಷ್ಮದರ್ಶಕಗಳು ಬಳಕೆಯಿಂದಾಗಿ ಹಾಳಾಗುತ್ತಿವೆ ಎಂದು ದೂರುಗಳು ಬರುತ್ತಿರುವ ಈ ಕಾಲದಲ್ಲಿ ಇದು ಗಮನಾರ್ಹ ಸಾಧನೆಯೆಂದು ಕಾಲೇಜಿನ ವಾರ್ಷಿಕ ವರದಿಯಲ್ಲಿ ಪ್ರತಿ ವರ್ಷವೂ ಬರೆಯಲಾಗುತ್ತದೆ.

ಈ ಸಾಧನೆಯ ಹಿಂದೆ ಇರುವವನು ಉಗ್ರಾಣದ ವಗ್ದಿ. ಸರ್ಕಾರಿ ಸಾಮಾನು ಯಾವುದೇ ಇರಲಿ, ಅದು ಯಾರಾದರೊಬ್ಬನ ಉಹ್ದಾದಲ್ಲಿರಬೇಕು. ಅಂದರೆ ಒಬ್ಬನು ಸಹಿ ಹಾಕಿ ಅದರ ಹೊಣೆ ಹೊತ್ತಿರಬೇಕು. ಕುರ್ಚಿಯ ಕಾಲು ಮುರಿದರೆ ಕೂತವನನ್ನು ಯಾರೂ ಕೇಳುವುದಿಲ್ಲ, ಸಹಿ ಹಾಕಿದವನನ್ನು ಕೇಳುತ್ತಾರೆ. ಸಾಮಾನು ಒಡೆದರೆ ಅವನಿಗೆ ಶಿಕ್ಷೆ. ಒಡೆಯದಿದ್ದರೆ ಶಿಕ್ಷೆ ಇಲ್ಲ. ಬಳಸಿದರೆ ಬಹುಮಾನವೇನೂ ಇಲ್ಲ. ಇಷ್ಟನ್ನು ಸರ್ಕಾರ ಸ್ಪಷ್ಟಪಡಿಸಿದ ಮೇಲೆ ಏನು ಮಾಡಬೇಕೆಂದು ತಿಳಿಯಲು ವಗ್ದಿ ಕಾಲೇಜು ಓದಬೇಕಿರಲಿಲ್ಲ. ಮಿತ್ರರಾಷ್ಟ್ರವೊಂದು ಕಳಿಸಿದ ನಲವತ್ತು ಪೆಟ್ಟಿಗೆಗಳನ್ನು ಅವನು ಲಾರಿಯಿಂದ ನೇರವಾಗಿ ಕಬ್ಬಿಣದ ಬೀರುವಿಗೆ ಸೇರಿಸಿ, ಬೀಗ ಹಾಕಿ, ಬೀಗದ ಮೇಲೆ ಸೀಸದ ಮುದ್ರೆ ಒತ್ತಿ, ಬೀರುವಿನ ಮುಂದೆ ಮುರಿದ ಬೆಂಚುಗಳನ್ನು ಒಟ್ಟಿದ.

ಆದ್ದರಿಂದ ಸದರಿ ಕಾಲೇಜಿನಲ್ಲಿ ಜೀವಶಾಸ್ತ್ರವನ್ನು ಬಣ್ಣದ ಸೀಮೆಸುಣ್ಣದಿಂದ ಕಲಿಸಲಾಗುತ್ತದೆ. ಅಧ್ಯಾಪಕರು ಪುಸ್ತಕ ನೋಡಿ ಹಲಗೆಯ ಮೇಲೆ ಬಿಡಿಸುತ್ತಾರೆ, ವಿದ್ಯಾರ್ಥಿಗಳು ಹಲಗೆ ನೋಡಿ ಕಾಗದದ ಮೇಲೆ ಬಿಡಿಸುತ್ತಾರೆ, ಪರೀಕ್ಷಕರು ಕಾಗದವನ್ನು ಪುಸ್ತಕದೊಂದಿಗೆ ಹೋಲಿಸುತ್ತಾರೆ. ಈ ವ್ಯವಸ್ಥೆಯಲ್ಲಿ ಕಪ್ಪೆಗೆ ಯಾವ ತೊಂದರೆಯೂ ಇಲ್ಲ.

ಪುಸ್ತಕ ಡಾ. ಸಮನೂದಿಯವರದು. ಅದರ ಕೊನೆಯ ಹಾಳೆಯನ್ನು ಹರಿದು ಉತ್ತರಪತ್ರಿಕೆಗೆ ಲಗತ್ತಿಸದಿದ್ದರೆ ಉತ್ತರವನ್ನು ತಿದ್ದುವುದಿಲ್ಲವಾದ್ದರಿಂದ ಅದು ಓದುಗರಲ್ಲಿ ಬಹಳ ಜನಪ್ರಿಯ. ಕಪ್ಪೆಯ ಕರುಳಿನ ಜೀವಕೋಶದಲ್ಲಿ ಸಮನೂದಿ ಕಾಯ ಎಂಬುದೊಂದಿದೆ ಎಂದು ಈ ಪುಸ್ತಕ ಜಗತ್ತಿಗೆ ಮೊದಲು ತಿಳಿಸಿತು. ಅದು ದುಂಡಗಿರುತ್ತದೆ, ಅಂಚು ಕಪ್ಪಗೆ ದಪ್ಪಗಿರುತ್ತದೆ, ಒಳಗೆ ಏನೂ ಇರುವುದಿಲ್ಲ. ಕಾಲೇಜು ಶುರುವಾದ ವರ್ಷ, ಇನ್ನೂ ಬೀಗ ಬೀಳದಿದ್ದ ಒಂದೇ ಒಂದು ಹಳೆಯ ಸೂಕ್ಷ್ಮದರ್ಶಕದಲ್ಲಿ ಡಾ. ಸಮನೂದಿ ಒಂದು ಬೆಳಿಗ್ಗೆ ಇಣುಕಿದಾಗ ಇದನ್ನು ಕಂಡರು. ಎರಡನೆಯ ಸಲ ಇಣುಕುವ ಅಗತ್ಯ ಅವರಿಗೆ ಕಾಣಲಿಲ್ಲ. ಕಪ್ಪೆಗೆ ಅದರಿಂದ ಏನುಪಯೋಗ ಎಂಬುದು ‘ಇನ್ನೂ ಸಂಶೋಧನೆಯ ಹಂತದಲ್ಲಿದೆ’ ಎಂದು ಮೊದಲ ಮುದ್ರಣದಿಂದ ಇಂದಿನವರೆಗೂ ಆ ಪುಸ್ತಕದಲ್ಲಿ ಅಚ್ಚಾಗುತ್ತ ಬಂದಿದೆ. ಜಗತ್ತಿನ ಉಳಿದ ಕಡೆ ಯಾರಿಗೂ ಈ ಕಾಯ ಕಂಡಿಲ್ಲದಿರುವುದು ಉಳಿದವರ ಹಿಂದುಳಿದಿರುವಿಕೆಗೆ ಸಾಕ್ಷಿಯೆಂದು ಡಾ. ಸಮನೂದಿ ಹೇಳುವುದುಂಟು. ಅವರಿಗೀಗ ಎಂಬತ್ತು ದಾಟಿದೆ. ನಿವೃತ್ತರಾದರೂ ಕೋಣೆ ಬಿಟ್ಟಿಲ್ಲ.

ಪ್ರೊಫೆಸರ್ ಇನ್ಷಿರಾ ಅಬ್ದುಲ್ ಬಾರಿಯವರ ಇಡೀ ವೃತ್ತಿಜೀವನ ನಿಂತಿರುವುದು ಈ ಕಾಯದ ಮೇಲೆ. ಅವರು ವಿದ್ಯಾರ್ಥಿನಿಯಾಗಿದ್ದಾಗ ಸಮನೂದಿ ಕಾಯವನ್ನು ಕೈಯೆತ್ತದೆ ಒಂದೇ ಎಳೆತದಲ್ಲಿ ದುಂಡಗೆ ಬಿಡಿಸಿ ತರಗತಿಗೆ ಮೊದಲಿಗರಾದರು. ತರಗತಿಗೆ ಮೊದಲು ಬಂದವರನ್ನು ಕಾಲೇಜೇ ಡೆಮಾನ್‌ಸ್ಟ್ರೇಟರ್ ಆಗಿ ನೇಮಿಸಿಕೊಳ್ಳಬೇಕೆಂಬುದು ನಿಯಮ. ಹಾಗೆ ಒಳಗೆ ಬಂದವರು ಪ್ರೊಫೆಸರಾಗಿಯೇ ಹೊರಗೆ ಹೋಗುವುದು ವಾಡಿಕೆ. ಡಾಕ್ಟರೇಟಿಗಾಗಿ ಇನ್ಷಿರಾ ಸಮನೂದಿ ಕಾಯ ಎಷ್ಟು ವ್ಯಾಪಕವಾಗಿದೆ ಎಂಬ ಬಗ್ಗೆ ಸಂಶೋಧನೆ ನಡೆಸಿದರು. ಕಪ್ಪೆ ಸಿಗದ ಕಾರಣ ಮತ್ತು ಸಿಕ್ಕರೂ ನೋಡಲು ಸಾಧನ ಸಿಗದ ಕಾರಣ, ಅವರು ಉಗ್ರಾಣದಲ್ಲಿದ್ದ ಹಳೆಯ ಪರೀಕ್ಷೆಗಳ ಏಳು ಸಾವಿರ ಚಿತ್ರಗಳನ್ನು ಪರಿಶೀಲಿಸಿದರು. ತೇರ್ಗಡೆಯಾದ ಎಲ್ಲರ ಕಪ್ಪೆಗಳಲ್ಲೂ ಸಮನೂದಿ ಕಾಯವಿತ್ತು. ಫೇಲಾದ ಕೆಲವರ ಕಪ್ಪೆಗಳಲ್ಲಿ ಮಾತ್ರ ಇರಲಿಲ್ಲ. ಇಷ್ಟು ಖಚಿತವಾದ ಫಲಿತಾಂಶ ಜೀವಶಾಸ್ತ್ರದಲ್ಲಿ ಅಪರೂಪವೆಂದು ಮಾರ್ಗದರ್ಶಕರಾದ ಡಾ. ಸಮನೂದಿ ಬರೆದುಕೊಟ್ಟರು.

ಅವರು ಕೆಟ್ಟ ಅಧ್ಯಾಪಕಿಯಲ್ಲ. ಇಪ್ಪತ್ತೆಂಟು ವರ್ಷ ಒಂದು ದಿನವೂ ತಡವಾಗಿ ಬಂದವರಲ್ಲ, ಯಾವ ವಿದ್ಯಾರ್ಥಿಯಿಂದಲೂ ಮನೆಪಾಠದ ಹೆಸರಲ್ಲಿ ಏನನ್ನೂ ಪಡೆದವರಲ್ಲ. ಕೋಶದ ಪೊರೆಗೆ ಹಸಿರು, ಕೋಶಕೇಂದ್ರವಾದ ಬೀಜಕ್ಕೆ ನೇರಳೆ, ಸಮನೂದಿ ಕಾಯಕ್ಕೆ ಬಿಳಿ: ಪಾಠ ಮುಗಿಯುವಾಗ ಅವರ ತಲೆವಸ್ತ್ರದ ತುದಿಯವರೆಗೆ ಬಣ್ಣ ಮೆತ್ತಿರುತ್ತಿತ್ತು. ಅಷ್ಟೆಲ್ಲ ಮಾಡಿಯೂ ತಾವು ಜೀವಮಾನವಿಡೀ ಕಲಿಸಿದ್ದನ್ನು ಒಮ್ಮೆಯೂ ಕಣ್ಣಾರೆ ಕಂಡಿಲ್ಲವಲ್ಲ ಎಂಬ ಕೊರಗು ಅವರೊಳಗೆ ಎಲ್ಲೋ ಇತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಹೇಳಿದ್ದರೆ ಬಡ್ತಿ ನಿಲ್ಲುತ್ತಿತ್ತು.

ಹೀಗಿರುವಾಗ ದೇಶದಲ್ಲಿ ಗುಣಮಟ್ಟದ ಅಭಿಯಾನ ಶುರುವಾಯಿತು. ಕೈರೋದಿಂದ ಸಮಿತಿಯೊಂದು ಬಂದು ಕಾಲೇಜಿನಲ್ಲಿ ಗುಣಮಟ್ಟ ಇದೆಯೇ ಎಂದು ನೋಡುವುದೆಂದೂ, ಇದ್ದರೆ ಗೋಡೆಗೆ ಹಾಕಲು ಪ್ರಮಾಣಪತ್ರ ಕೊಡುವುದೆಂದೂ ಆದೇಶ ಬಂತು. ಕಾರಿಡಾರುಗಳಿಗೆ ಸುಣ್ಣ ಬಳಿಯಲಾಯಿತು. ಕುಂಡಗಳನ್ನು ಪಕ್ಕದ ವಾಣಿಜ್ಯ ಕಾಲೇಜಿನಿಂದ ಎರವಲು ತರಲಾಯಿತು. ಆದರೆ ಆದೇಶದಲ್ಲಿ ಒಂದು ಕಿರಿಕಿರಿಯ ಅಂಶವಿತ್ತು: ಪ್ರಾಯೋಗಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿರುವುದನ್ನು ಸಮಿತಿ ನೋಡಬೇಕು.

ಡೀನ್ ಹಿಲ್ಮಿಯವರು ವಗ್ದಿಯನ್ನು ಕರೆಸಿದರು.

“ಒಂದೇ ಒಂದು ಹೊರಗೆ ತೆಗೀರಿ ವಗ್ದಿ. ಎರಡು ದಿನದ ಮಟ್ಟಿಗೆ.”

“ಒಂದ್ಯಾಕೆ ಪಾಷಾ, ನಲವತ್ತೂ ತೆಗೀತೀನಿ. ಸಹಿ ಯಾರು ಹಾಕ್ತೀರಿ ಹೇಳಿ.”

ಡೀನರು ಕಿಟಕಿಯಾಚೆ ನೋಡಿದರು. ಸುತ್ತ ಕೂತಿದ್ದ ಅಧ್ಯಾಪಕರೆಲ್ಲರಿಗೂ ಅದೇ ಕಿಟಕಿಯಾಚೆ ನೋಡುವುದಿತ್ತು.

“ಸಹಿ ಇಲ್ದೆ ಕೊಡಕ್ಕಾಗಲ್ವೇನಪ್ಪ? ನಾವು ಯಾರೋ ಹೊರಗಿನೋರಾ?”

“ನನ್ನ ಕಿಡ್ನಿ ಕೇಳಿ ಪಾಷಾ, ಈಗ್ಲೇ ಕೊಡ್ತೀನಿ. ಅದು ಉಹ್ದಾದಲ್ಲಿಲ್ಲ.”

“ನಾನು ಹಾಕ್ತೀನಿ,” ಎಂದರು ಇನ್ಷಿರಾ.

ಕೋಣೆಯಲ್ಲಿದ್ದವರೆಲ್ಲ ಅವರತ್ತ ತಿರುಗಿದರು. ವಿಭಾಗದ ಮುಖ್ಯಸ್ಥರ ಹುದ್ದೆ ಖಾಲಿಯಾಗುವುದರಲ್ಲಿತ್ತು, ಅದಕ್ಕೇ ಈಕೆ ಮುಂದೆ ಬಂದಿದ್ದಾರೆ ಎಂದು ಎಲ್ಲರೂ ಅಂದುಕೊಂಡರು. ಅದು ಅರ್ಧ ನಿಜ. ಉಳಿದರ್ಧ, ಅವರಿಗೆ ನೋಡುವ ಆಸೆಯಾಗಿತ್ತು.

“ಯೋಚ್ನೆ ಮಾಡಿ ಡಾಕ್ಟರಮ್ಮ,” ಎಂದ ವಗ್ದಿ, ಪೆನ್ನು ಕೊಡುವ ಮೊದಲು. “ನಿಮ್ಗೆ ಹೆಣ್ಮಕ್ಕಳಿದ್ದಾರೆ.”

ಸೀಸದ ಮುದ್ರೆ ಒಡೆಯಲು ಮೂವರ ಸಮಿತಿ ಬೇಕಾಯಿತು. ಒಡೆದ ಮುದ್ರೆಯ ಚೂರುಗಳನ್ನು ಲಕೋಟೆಯಲ್ಲಿಟ್ಟು ಮುದ್ರೆ ಹಾಕಲಾಯಿತು. ಸೂಕ್ಷ್ಮದರ್ಶಕದ ಜೊತೆ, ಮಿತ್ರರಾಷ್ಟ್ರದವರೇ ಸಿದ್ಧಪಡಿಸಿ ಕಳಿಸಿದ್ದ ಕಪ್ಪೆ ಕರುಳಿನ ಸ್ಲೈಡುಗಳ ಡಬ್ಬಿಯೂ ಹೊರಬಂತು. ಅಂದೇ ಮಧ್ಯಾಹ್ನ ಸೂಚನಾಫಲಕದಲ್ಲಿ ಪ್ರಕಟಣೆ ಅಂಟಿಸಲಾಯಿತು:

‘ಪರೀಕ್ಷಾರ್ಥಿಗಳು ಕಣ್ಣನ್ನು ಸೂಕ್ಷ್ಮದರ್ಶಕದಿಂದ ಒಂದು ಗೇಣು ದೂರದಲ್ಲಿ ಇಡತಕ್ಕದ್ದು. ತಿರುಪುಗಳನ್ನು ತಿರುಗಿಸತಕ್ಕದ್ದಲ್ಲ, ತಿರುಗಿಸುತ್ತಿರುವಂತೆ ತೋರತಕ್ಕದ್ದು. ಉಸಿರು ಬಿಡಬೇಕಾದವರು ಪಕ್ಕಕ್ಕೆ ತಿರುಗಿ ಬಿಡತಕ್ಕದ್ದು. ಕಂಡದ್ದನ್ನು ಪುಸ್ತಕದೊಂದಿಗೆ ತಾಳೆ ನೋಡಿ, ಪುಸ್ತಕದಲ್ಲಿರುವುದನ್ನು ಬಿಡಿಸತಕ್ಕದ್ದು.’

ಪರೀಕ್ಷೆಯ ಹಿಂದಿನ ದಿನ ಇನ್ಷಿರಾ ತಾಲೀಮಿಗೆಂದು ಸುಂದುಸ್‌ಳನ್ನು ಕರೆದರು. ಕಾಲೇಜಿನ ಗೇಟಿನೆದುರು ಅನ್ನ, ಬೇಳೆ, ಹುರಿದ ಈರುಳ್ಳಿಯ ಕೊಶರಿ ಮಾರುವ ಬಂಡಿಯವನ ಮಗಳು. ನಾಲ್ಕು ವರ್ಷವೂ ತರಗತಿಗೆ ಅವಳೇ ಮೊದಲು. ಈ ಒಂದು ಪ್ರಾಯೋಗಿಕ ಪರೀಕ್ಷೆ ಮುಗಿದರೆ ಡೆಮಾನ್‌ಸ್ಟ್ರೇಟರ್ ಹುದ್ದೆ ಅವಳದು. ಎರಡನೆಯ ಸ್ಥಾನದಲ್ಲಿದ್ದ ಹಾತಿಮ್ ಡೀನರ ಅಕ್ಕನ ಮಗನಾಗಿದ್ದುದು ಕಾಕತಾಳೀಯ.

ಸುಂದುಸ್ ಪ್ರಕಟಣೆಯನ್ನು ಲೆಕ್ಕಿಸದೆ ಕಣ್ಣನ್ನು ಗಾಜಿಗೇ ಒತ್ತಿ, ತಿರುಪನ್ನು ನಿಜವಾಗಿಯೇ ತಿರುಗಿಸಿ, ಬಹಳ ಹೊತ್ತು ನೋಡಿದಳು.

“ಕಾಯ ಕಾಣ್ತಾ ಇಲ್ಲ, ಡಾಕ್ಟರಮ್ಮ.”

“ಸರಿಯಾಗಿ ನೋಡೇ. ಬೀಜದ ಬಲಗಡೆ, ಸ್ವಲ್ಪ ಮೇಲೆ.”

“ಬಲಗಡೆನೂ ಇಲ್ಲ, ಎಡಗಡೆನೂ ಇಲ್ಲ. ನೀವೇ ನೋಡಿ.”

ಇನ್ಷಿರಾ ಕನ್ನಡಕ ತೆಗೆದು ಬಗ್ಗಿದರು. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಗುಲಾಬಿ ಬಣ್ಣದ ಕೋಶಗಳು ಒಂದಕ್ಕೊಂದು ಒತ್ತಿಕೊಂಡು ಸಾಲಾಗಿ ನಿಂತಿರುವುದು ಕಂಡಿತು. ಒಂದೊಂದರ ಒಳಗೂ ನೇರಳೆ ಬೀಜ. ಒಂದೂ ಇನ್ನೊಂದರ ಹಾಗಿಲ್ಲ. ಅಂಚಿನುದ್ದಕ್ಕೂ ಕೂದಲಿಗಿಂತ ಸಣ್ಣ ಎಳೆಗಳ ಕುಚ್ಚು. ಇಪ್ಪತ್ತೆಂಟು ವರ್ಷ ಇದನ್ನು ಕಲಿಸಿದ್ದರು. ಇದು ಇಷ್ಟು ಚೆಂದವಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅವರೂ ಯಾರಿಗೂ ಹೇಳಿರಲಿಲ್ಲ. ಅವರಿಗೆ ಅಳು ಬಂತು. ಕಣ್ಣೀರು ಬಿದ್ದರೆ ಯಂತ್ರಕ್ಕೆ ತುಕ್ಕು ಹಿಡಿದೀತೆಂದು, ಸಹಿ ಹಾಕಿದ್ದು ನೆನಪಾಗಿ, ತಲೆ ಎತ್ತಿದರು.

ಕಾಯ ಇರಲಿಲ್ಲ. ಡಬ್ಬಿಯಲ್ಲಿದ್ದ ಎಲ್ಲ ಸ್ಲೈಡುಗಳನ್ನೂ ನೋಡಿದರು. ಯಾವುದರಲ್ಲೂ ಇರಲಿಲ್ಲ.

“ಇವು ಹೊರದೇಶದ ಕಪ್ಪೆಗಳು,” ಎಂದರು ಇನ್ಷಿರಾ, ಧ್ವನಿಯಲ್ಲಿ ಬಲವಿಲ್ಲದೆ. “ನಮ್ಮ ಕಪ್ಪೆ ಬೇರೆ.”

ಸುಂದುಸ್ ಒಂದು ಖಾಲಿ ಗಾಜಿನ ಪಟ್ಟಿ ತೆಗೆದುಕೊಂಡು, ಅದರ ಮೇಲೆ ಒಂದು ಹನಿ ನೀರು ಬಿಟ್ಟು, ಮೇಲೊಂದು ತೆಳು ಗಾಜನ್ನು ಟಪ್ಪೆಂದು ಹಾಕಿ ಯಂತ್ರದಡಿ ಇಟ್ಟಳು. “ಈಗ ನೋಡಿ.”

ನೋಡಿದರೆ ಸಾಕ್ಷಾತ್ ಸಮನೂದಿ ಕಾಯ! ಪುಸ್ತಕದಲ್ಲಿದ್ದಂತೆಯೇ ದುಂಡಗೆ, ಅಂಚು ಕಪ್ಪಗೆ ದಪ್ಪಗೆ, ಒಳಗೆ ಏನೂ ಇಲ್ಲದೆ. ಇನ್ಷಿರಾರ ಎದೆ ತುಂಬಿಬಂತು.

“ಅಲ್‌ಹಮ್ದುಲಿಲ್ಲಾ! ಇದ್ಯಾವ ಕಪ್ಪೆದೇ?”

“ಕಪ್ಪೆ ಇಲ್ಲ, ಡಾಕ್ಟರಮ್ಮ. ಬರೀ ನಲ್ಲಿ ನೀರು.” ಸುಂದುಸ್ ಪೆನ್ಸಿಲಿನ ತುದಿಯಿಂದ ಮೇಲಿನ ಗಾಜನ್ನು ಮೆಲ್ಲಗೆ ಒತ್ತಿದಳು. ಸಮನೂದಿ ಕಾಯ ಜಾರಿತು, ಉದ್ದವಾಯಿತು, ಅಂಚಿಗೆ ಹೋಗಿ ಇಲ್ಲವಾಯಿತು.

“ಎಲ್ಲಿ ಹೋಯ್ತು?”

“ಗಾಳಿ ಅಲ್ವಾ, ಗಾಳಿಗೆ ಹೋಯ್ತು. ಗುಳ್ಳೆ ಡಾಕ್ಟರಮ್ಮ ಅದು. ಗಾಜು ಸರಿಯಾಗಿ ಹಾಕ್ದೇ ಇದ್ರೆ ಸಿಕ್ಕಾಕೊಳ್ಳತ್ತೆ. ಡಾಕ್ಟರ್ ಸಮನೂದಿ ಅವತ್ತು ಸ್ವಲ್ಪ ಅವಸರದಲ್ಲಿದ್ರು ಅನ್ಸತ್ತೆ.”

ಇನ್ಷಿರಾ ಸ್ಟೂಲಿನ ಮೇಲೆ ಕೂತರು. ತಮ್ಮ ಡಾಕ್ಟರೇಟು, ಬಡ್ತಿಗಳು, ಗೋಡೆಯ ಮೇಲಿನ ಸನ್ಮಾನಪತ್ರ, ಎಲ್ಲವೂ ಅಂಚಿಗೆ ಜಾರುತ್ತಿರುವಂತೆ ಅವರಿಗೆ ತೋರಿತು.

“ಸುಂದುಸ್, ಕೇಳಮ್ಮ. ನಾಳೆ ಸುಮ್ನೆ ದುಂಡಗೆ ಒಂದು ಬಿಡಿಸ್ಬಿಡು. ಏನ್ ಹೋಗತ್ತೆ ನಿಂದು? ಮೊದ್ಲು ಒಳಗೆ ಬಾ. ಆಮೇಲೆ ನೀನೂ ನಾನೂ ಸೇರಿ ನಿಧಾನಕ್ಕೆ ಸರಿ ಮಾಡೋಣ.”

“ನಿಮ್ಗೂ ಆಗ ಹೀಗೇ ಹೇಳಿದ್ರಾ?”

“ಬಾಯಿ ಮುಚ್ಚೇ!” ಎಂದರು ಇನ್ಷಿರಾ. ಅವರಿಗೆ ನಾಚಿಕೆಯಾಗಿತ್ತು, ಅದಕ್ಕೇ ಅಷ್ಟು ಜೋರಾಗಿ ಅಂದರು.

ಮರುದಿನ ಸಮಿತಿ ಬಂತು. ಅಧ್ಯಕ್ಷ ಡಾ. ಶೌಕತ್ ಕೃಷಿ ಅರ್ಥಶಾಸ್ತ್ರದವರು. ವಿಷಯ ಗೊತ್ತಿರುವವರನ್ನು ಕಳಿಸಿದರೆ ಪಕ್ಷಪಾತ ಮಾಡುತ್ತಾರೆಂದು ಬೇರೆ ವಿಷಯದವರನ್ನೇ ಕಳಿಸುವುದು ನಿಯಮ. ಅವರಿಗೆ ಬೆಣ್ಣೆ ಸುರಿಯುವ ಫತೀರ್ ರೊಟ್ಟಿಯನ್ನು ಜೇನುತುಪ್ಪದೊಂದಿಗೆ ತಿನ್ನಿಸಿ, ಸಮನೂದಿಯವರ ಪುಸ್ತಕದ ಹೊಸ ಮುದ್ರಣವನ್ನು ರಿಬ್ಬನ್ ಕಟ್ಟಿ ಕೊಟ್ಟು, ಸಂಬಂಧಪಟ್ಟ ಪುಟ ತೆರೆದಿಟ್ಟು ಪ್ರಯೋಗಾಲಯಕ್ಕೆ ಕರೆತರಲಾಯಿತು. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು, ಗೇಣು ದೂರದಿಂದ ನೋಡಿ, ಪಕ್ಕಕ್ಕೆ ತಿರುಗಿ ಉಸಿರು ಬಿಟ್ಟು, ಸಮನೂದಿ ಕಾಯ ಬಿಡಿಸಿ ಹೋದರು. ಹಾತಿಮ್ ಎರಡು ಬಿಡಿಸಿದ. ಶೌಕತ್ ಒಂದೊಂದು ಚಿತ್ರವನ್ನೂ ಪುಸ್ತಕದ ಪಕ್ಕ ಹಿಡಿದು ತಲೆಯಾಡಿಸುತ್ತಿದ್ದರು.

ಸುಂದುಸ್‌ಳ ಹಾಳೆ ಬಂದಾಗ ಅವರ ತಲೆ ನಿಂತಿತು.

“ಚಿತ್ರ ಬಹಳ ಚೆನ್ನಾಗಿದೆ. ಆದ್ರೆ ಇದೇನಮ್ಮ, ಮುಖ್ಯವಾದ್ದೇ ಇಲ್ವಲ್ಲ? ಮರ್ತ್ಯಾ?”

“ಇಲ್ಲ ಸಾರ್. ಕಾಣ್ಲಿಲ್ಲ.”

“ಉಳಿದೋರಿಗೆಲ್ಲ ಕಂಡಿದೆಯಲ್ಲ?”

“ಅವರು ಪುಸ್ತಕ ನೋಡಿದ್ರು ಸಾರ್. ನಾನು ಇದರೊಳಗೆ ನೋಡಿದೆ. ನೀವೂ ನೋಡಿ, ಇಲ್ಲೇ ಇದೆಯಲ್ಲ.”

ಶೌಕತ್ ಸೂಕ್ಷ್ಮದರ್ಶಕದಿಂದ ಒಂದು ಹೆಜ್ಜೆ ಹಿಂದೆ ಸರಿದರು. ನೋಡಿದರೆ ನೋಡಿದ್ದಕ್ಕೆ ಜವಾಬ್ದಾರರಾಗಬೇಕಾಗುತ್ತದೆ ಎಂಬುದು ಅವರ ದೀರ್ಘ ಸೇವೆಯ ಅನುಭವವಾಗಿತ್ತು. “ಇದು ಕಾಲೇಜಿನ ಆಂತರಿಕ ವಿಷಯ,” ಎಂದು ಹೇಳಿ ಅವರು ಚಹಾಕ್ಕೆ ಹೋದರು.

ಕಾಲೇಜು ಮಂಡಳಿಯ ತುರ್ತುಸಭೆ ಸೇರಿತು. ಡಾ. ಸಮನೂದಿಯವರನ್ನು ಇಬ್ಬರು ತೋಳು ಹಿಡಿದು ಕರೆತಂದರು. ಸಂಗತಿಯನ್ನು ಅವರ ಕಿವಿಯಲ್ಲಿ ಗಟ್ಟಿಯಾಗಿ ಹೇಳಲಾಯಿತು.

“ಕಾಣ್ಲಿಲ್ವಂತೆ!” ಎಂದರು ಮುದುಕರು ಮೇಜು ಗುದ್ದಿ. “ನಾನು ಕಂಡಿದ್ದೀನಿ. ಕಂಡೋನು ಇನ್ನೂ ಬದುಕಿದ್ದೀನಿ. ಆ ಹುಡುಗಿ ಹುಟ್ಟೋಕೆ ಮುಂಚೆ ಕಂಡಿದ್ದೀನಿ!”

“ಆ ಹುಡುಗಿ ಹೇಳೋ ಪ್ರಕಾರ ನಲ್ಲಿ ನೀರಲ್ಲಿ ಕಾಣತ್ತಂತೆ, ಗುರುಗಳೇ,” ಎಂದರು ತೋಳು ಹಿಡಿದಿದ್ದವರಲ್ಲೊಬ್ಬರು.

“ನೀರಲ್ಲೂ ಇದ್ಯಾ?” ಮುದುಕರ ಮುಖ ಅರಳಿತು. “ಶಹಬ್ಬಾಸ್! ಮುಂದಿನ ಮುದ್ರಣಕ್ಕೆ ಹಾಕಿ.”

ಡೀನ್ ಹಿಲ್ಮಿ ವಿಷಯವನ್ನು ಸಭೆಯ ಮುಂದೆ ಕ್ರಮವಾಗಿ ಇಟ್ಟರು. ಸಾಧ್ಯತೆಗಳು ಎರಡೇ. ಸಮನೂದಿ ಕಾಯ ಇಲ್ಲ ಎನ್ನುವುದಾದರೆ ಕಾಲೇಜು ಈವರೆಗೆ ಕೊಟ್ಟ ಪದವಿಗಳೆಲ್ಲ ಇಲ್ಲದ ವಸ್ತುವನ್ನು ಕಂಡದ್ದಕ್ಕೆ ಕೊಟ್ಟಂತಾಗುತ್ತದೆ. ಅಂಥ ಪದವಿ ಪಡೆದವರಲ್ಲಿ ಈ ಸಭೆಯಲ್ಲಿರುವ ಎಲ್ಲರೂ, ಪಟ್ಟಣದ ಶಾಲೆಗಳ ವಿಜ್ಞಾನ ಶಿಕ್ಷಕರೂ, ಗವರ್ನರರ ಸೊಸೆಯೂ ಸೇರಿದ್ದಾರೆ. ಮತ್ತೊಂದು ಸಾಧ್ಯತೆ, ಯಂತ್ರ ಕೆಟ್ಟಿದೆ.

“ಯಂತ್ರಾನೇ,” ಎಂದರು ಸಸ್ಯಶಾಸ್ತ್ರದವರು.

“ನನಗೂ ಹಾಗೇ ಅನ್ಸಿತ್ತು,” ಎಂದರು ಅವರ ಪಕ್ಕದವರು, ತಾವೇ ಕಂಡುಹಿಡಿದ ಇಂಥದೊಂದು ಕಾಯ ತಮ್ಮ ಪಠ್ಯಪುಸ್ತಕದ ಹನ್ನೊಂದನೇ ಅಧ್ಯಾಯದಲ್ಲಿ ಇದ್ದುದರಿಂದ.

ಕೈ ಎತ್ತಿಸಿ ನೋಡಲಾಯಿತು. ಇರಬೇಕಾದ ಕಡೆ ತೋರಿಸದೆ, ಇರಬಾರದ ಕಡೆ ತೋರಿಸುವ ಯಂತ್ರ ದೋಷಯುಕ್ತ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಇನ್ಷಿರಾ ಕೈ ಎತ್ತಲಿಲ್ಲ, ಮೇಜಿನ ಮೇಲಿಟ್ಟುಕೊಂಡಿದ್ದರು. ಅದನ್ನು ಎತ್ತಿದ್ದೆಂದೇ ಎಣಿಸಲಾಯಿತು.

ಆಗ ಬಾಗಿಲ ಬಳಿ ನಿಂತಿದ್ದ ವಗ್ದಿ ಕೆಮ್ಮಿದ. “ನಾನು ಕೊಟ್ಟಾಗ ಚೆನ್ನಾಗಿತ್ತು. ಸಹಿ ಇದೆ.”

ಸಭೆ ಮುಗಿದ ಮೇಲೆ ಡೀನರು ಇನ್ಷಿರಾರನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು.

“ನೋಡಿ ಇನ್ಷಿರಾ, ನೀವು ನನ್ನ ತಂಗಿ ಹಾಗೆ. ಯಂತ್ರ ನಿಮ್ಮ ಉಹ್ದಾದಲ್ಲಿದ್ದಾಗ ಕೆಟ್ಟಿದೆ. ನಿಮ್ಮ ತಪ್ಪಿಂದ ಕೆಟ್ರೆ ವಿಚಾರಣೆ. ವಿಚಾರಣೆ ಇರೋವರೆಗೆ ಮುಖ್ಯಸ್ಥೆ ಆಗಕ್ಕಾಗಲ್ಲ. ಪಿಂಚಣಿ ಕಾಗದಾನೂ ನಿಲ್ಲತ್ತೆ. ಇನ್ನು ಆ ಹುಡುಗಿ ಕೆಡಿಸಿದ್ಲು ಅಂತಾದ್ರೆ…”

“ಅವಳು ಏನೂ ಕೆಡಿಸ್ಲಿಲ್ಲ. ನೋಡಿದ್ಲು ಅಷ್ಟೇ.”

“ಅದನ್ನೇ ಬರೀರಿ. ಗೇಣು ದೂರ ಅಂತ ನಿಯಮ ಇತ್ತು, ಹತ್ತಿರದಿಂದ ನೋಡಿದ್ಲು. ತಿರುಪು ತಿರುಗಿಸಿದ್ಲು. ನೀವು ಸುಳ್ಳು ಹೇಳೋದೇನೂ ಬೇಡ.”

ಇನ್ಷಿರಾ ಯೋಚಿಸಿದರು. ಗುಲಾಬಿ ಕೋಶಗಳ ಸಾಲು ಕಣ್ಣ ಮುಂದೆ ಬಂತು. ಸುಂದುಸ್‌ಳ ಅಪ್ಪ ಬಿಸಿಲಲ್ಲಿ ಕೊಶರಿ ಬಡಿಸುತ್ತ, “ನನ್ನ ಮಗಳು ಇದೇ ಕಾಲೇಜಲ್ಲಿ ಡಾಕ್ಟರಮ್ಮ ಆಗ್ತಾಳೆ” ಎಂದು ಎಲ್ಲ ಗಿರಾಕಿಗಳಿಗೂ ಹೇಳುತ್ತಿದ್ದುದು ನೆನಪಾಯಿತು. ಅವರ ಆತ್ಮಸಾಕ್ಷಿಯ ಹೋರಾಟ ಚಹಾ ಬರುವವರೆಗೆ ನಡೆಯಿತು. ಚಹಾ ಬಂದ ಮೇಲೆ ಸಹಿ ಹಾಕಿದರು.

ವರದಿ ಈ ರೀತಿ ಇತ್ತು: ‘ಪರೀಕ್ಷಾರ್ಥಿನಿಯು ಯಂತ್ರದೊಳಗೆ ನಿಗದಿತ ಪ್ರಮಾಣಕ್ಕಿಂತ ಹೆಚ್ಚು ನೋಡಿದ್ದರಿಂದ ಸದರಿ ಯಂತ್ರದ ತೋರಿಸುವ ಶಕ್ತಿ ಕುಂದಿರುತ್ತದೆ. ಅನುಚಿತ ನೋಟದ ಕಾರಣಕ್ಕೆ ಆಕೆಗೆ ಪ್ರಾಯೋಗಿಕದಲ್ಲಿ ಸೊನ್ನೆ ನೀಡಲಾಗಿದೆ. ಸೆಪ್ಟೆಂಬರಿನಲ್ಲಿ ಮರುಪರೀಕ್ಷೆಗೆ ಕೂರಲು ಕಾಲೇಜು ಔದಾರ್ಯದಿಂದ ಅವಕಾಶ ಕೊಟ್ಟಿರುತ್ತದೆ.’

ಮರುಪರೀಕ್ಷೆಗೆ ಕೂತವರು ಮೊದಲ ಸ್ಥಾನಕ್ಕೆ ಅರ್ಹರಲ್ಲವಾದ್ದರಿಂದ ಹಾತಿಮ್ ಡೆಮಾನ್‌ಸ್ಟ್ರೇಟರ್ ಆದ. ಕಾಲೇಜಿಗೆ ಪ್ರಮಾಣಪತ್ರ ಬಂತು. ಒಂದೇ ಒಂದು ಅಪವಾದ ಬಿಟ್ಟರೆ ಎಲ್ಲ ವಿದ್ಯಾರ್ಥಿಗಳ ಅವಲೋಕನಗಳಲ್ಲೂ ಕಂಡುಬಂದ ಏಕರೂಪತೆ ತಾನು ಬೇರೆಲ್ಲೂ ನೋಡಿಲ್ಲದ್ದು ಎಂದು ಶೌಕತ್ ವಿಶೇಷವಾಗಿ ಹೊಗಳಿದ್ದರು. ಇನ್ಷಿರಾ ವಿಭಾಗದ ಮುಖ್ಯಸ್ಥೆಯಾದರು. ಅವರ ಕೋಣೆಗೆ ಹೊಸ ಪರದೆ ಬಂತು. ಕೆಟ್ಟ ಯಂತ್ರವೂ ಉಳಿದ ಮೂವತ್ತೊಂಬತ್ತೂ ಒಂದೇ ತಯಾರಿಕೆಯವಾದ್ದರಿಂದ ಅವುಗಳಿಗೂ ಇದೇ ದೋಷ ಇರಬಹುದೆಂದು ಶಂಕಿಸಿ ನಲವತ್ತನ್ನೂ ಬೀರುವಿನಲ್ಲಿಟ್ಟು ಮುದ್ರೆ ಹಾಕಲಾಯಿತು. ವಗ್ದಿ ಅಂದು ಬೀದಿಯವರಿಗೆಲ್ಲ ಕಬ್ಬಿನ ಹಾಲು ಕುಡಿಸಿದ.

ಹಾಗಾದರೆ ಸೆಪ್ಟೆಂಬರಿನ ಪರೀಕ್ಷೆ ಹೇಗೆ? ಯಂತ್ರವಿಲ್ಲದೆ ನೋಡುವಂತಿಲ್ಲ, ನೋಡದೆ ಗುಣಮಟ್ಟ ಉಳಿಯುವಂತಿಲ್ಲ. ಮಂಡಳಿ ಇದಕ್ಕೂ ದಾರಿ ಕಂಡುಕೊಂಡಿತು: ಪರೀಕ್ಷಾರ್ಥಿಗಳು ಮೇಜಿನ ಮೇಲೆ ಸೂಕ್ಷ್ಮದರ್ಶಕ ಇರಬೇಕಾದ ಜಾಗದ ಮೇಲೆ ಬಗ್ಗಿ, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ನೋಡತಕ್ಕದ್ದು. ಪರೀಕ್ಷಕರೂ ಅದೇ ಜಾಗದಲ್ಲಿ ನೋಡಿ, ಕಂಡದ್ದನ್ನು ದೃಢಪಡಿಸತಕ್ಕದ್ದು. ಇದರಿಂದ ಯಂತ್ರದ ದೋಷ ಪರೀಕ್ಷೆಯ ಮೇಲೆ ಪರಿಣಾಮ ಬೀರುವುದು ಸಂಪೂರ್ಣ ತಪ್ಪುತ್ತದೆ ಎಂದು ಡೀನರು ವಿವರಿಸಿದರು.

ಮರುಪರೀಕ್ಷೆಯ ದಿನ ಬಿಸಿಲು ಚುರುಗುಟ್ಟುತ್ತಿತ್ತು. ನಾನಾ ವಿಷಯಗಳಲ್ಲಿ ಉಳಿದುಕೊಂಡ ಹತ್ತಾರು ಹುಡುಗ ಹುಡುಗಿಯರು ಖಾಲಿ ಮೇಜುಗಳ ಮುಂದೆ ಸಾಲಾಗಿ ನಿಂತಿದ್ದರು. ಸುಂದುಸ್ ಮೊದಲನೆಯವಳು. ಬೇಸಿಗೆಯಲ್ಲಿ ಅವಳು ಅಪ್ಪನ ಬಂಡಿಯಲ್ಲಿ ಈರುಳ್ಳಿ ಹುರಿಯುತ್ತಿದ್ದಳೆಂದು ಇನ್ಷಿರಾರಿಗೆ ಗೊತ್ತಿತ್ತು. ಆ ಎರಡು ತಿಂಗಳೂ ಅವರು ಹಿಂದಿನ ಗೇಟಿನಿಂದ ಓಡಾಡಿದ್ದರು.

“ಹೇಗಿದ್ದೀಯ ಸುಂದುಸ್?”

“ಚೆನ್ನಾಗಿದ್ದೀನಿ ಡಾಕ್ಟರಮ್ಮ. ಪದವಿ ಕೈಗೆ ಬಂದ್ರೆ ಒಂದು ರಕ್ತಪರೀಕ್ಷೆ ಅಂಗಡೀಲಿ ಕೆಲಸ ಇದೆ. ಅಲ್ಲೂ ಯಂತ್ರ ಇದೆಯಂತೆ, ಮುಟ್ಟಕ್ಕೆ ಬಿಡ್ತಾರಂತೆ.”

ಇನ್ಷಿರಾರಿಗೆ ಏನಾದರೂ ಹೇಳಬೇಕೆನಿಸಿತು. “ಶುರು ಮಾಡು,” ಎಂದರು.

ಸುಂದುಸ್ ಬಗ್ಗಿದಳು. ಎಡಗಣ್ಣು ಮುಚ್ಚಿದಳು. ಇಲ್ಲದ ತಿರುಪಿನ ಮೇಲೆ ಬೆರಳಿಟ್ಟು ಸ್ವಲ್ಪ ಮುಂದಕ್ಕೆ, ಸ್ವಲ್ಪ ಹಿಂದಕ್ಕೆ ತಿರುಗಿಸಿದಳು. ಸಾವಕಾಶವಾಗಿ, ಒಂದಿಷ್ಟೂ ನಗದೆ, ಬಹಳ ಹೊತ್ತು ನೋಡಿದಳು. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಒಂದೇ ಎಳೆತದಲ್ಲಿ ದುಂಡಗೆ ಸಮನೂದಿ ಕಾಯ ಬಿಡಿಸಿದಳು. ಇನ್ಷಿರಾ ತಾವು ಮಾತ್ರ ಹಾಗೆ ಬಿಡಿಸಬಲ್ಲೆವೆಂದು ಅಂದುಕೊಂಡಿದ್ದರು. ಇದು ಅವರದ್ದಕ್ಕಿಂತ ದುಂಡಗಿತ್ತು.

“ಕಾಣ್ತಾ?” ಎಂದು ಕೇಳಿದರು, ಕೇಳಬೇಕೆಂಬ ನಿಯಮವಿದ್ದುದರಿಂದ.

“ಹ್ಞೂಂ. ಈ ಸಲ ಚೆನ್ನಾಗಿ ಕಾಣ್ತು. ಈಗ ನಿಮ್ಮ ಸರದಿ ಡಾಕ್ಟರಮ್ಮ, ದೃಢಪಡಿಸ್ಬೇಕಂತಲ್ಲ.” ಸುಂದುಸ್ ಪಕ್ಕಕ್ಕೆ ಸರಿದು ಜಾಗ ಬಿಟ್ಟುಕೊಟ್ಟಳು.

ಸಾಲಿನಲ್ಲಿದ್ದವರೆಲ್ಲ ಗಂಭೀರವಾಗಿ ನೋಡುತ್ತಿದ್ದರು. ಮೇಲ್ವಿಚಾರಣೆಗೆ ಬಂದಿದ್ದ ಹಾತಿಮ್ ಗಡಿಯಾರ ನೋಡಿಕೊಂಡ. ಪ್ರೊಫೆಸರ್ ಇನ್ಷಿರಾ ಅಬ್ದುಲ್ ಬಾರಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, ಖಾಲಿ ಮೇಜಿನ ಮೇಲೆ ಬಗ್ಗಿ, ಎಡಗಣ್ಣು ಮುಚ್ಚಿದರು. ಮರದ ಮೇಲೆ ಯಾರೋ ಹಿಂದೆಂದೋ ಇಟ್ಟ ಚಹಾ ಲೋಟದ ಕರೆ ಇತ್ತು: ದುಂಡಗೆ, ಅಂಚು ಕಪ್ಪಗೆ, ಒಳಗೆ ಏನೂ ಇಲ್ಲ.

“ಇದೆ,” ಎಂದು ಹೇಳಿ, ಪೂರ್ತಿ ಅಂಕ ಕೊಟ್ಟು, ಮುಂದಿನವಳನ್ನು ಕರೆದರು.